ರೈಲ್ವೆ ಮನೆತನಗಳೂ ರೈಲ್ವೆಯ ಲೆಕ್ಕವೂ

ಹಾಸನದ ರೈಲು ನಿಲ್ದಾಣದ ಆಸುಪಾಸಿನಲ್ಲಿಯೂ, ಹೊಳೆನರಸೀಪುರದ ಹಳೆಯ ಬೀದಿಗಳಲ್ಲಿಯೂ, ಮಾವಿನಕೆರೆ, ಮಂದಗೆರೆಗಳಂಥ ಚಿಕ್ಕ ಊರುಗಳಲ್ಲಿಯೂ, ತಾತನು ಗ್ಯಾಂಗ್‌ಮ್ಯಾನ್ ಆಗಿ, ತಂದೆಯು ಪಾಯಿಂಟ್ಸ್‌ಮನ್ ಆಗಿ, ಮಗನು ಗಾರ್ಡ್ ಅಥವಾ ಸ್ಟೇಷನ್ ಮಾಸ್ಟರ್ ಆಗಿ, ಹೀಗೆ ಮೂರು ತಲೆಮಾರು ಒಂದೇ ಇಲಾಖೆಯ ಅನ್ನವನ್ನುಂಡ ಮನೆತನಗಳು ಇಂದಿಗೂ ಕಾಣಸಿಗುತ್ತವೆ. ಇಂಥ ಮನೆಗಳಲ್ಲಿ ಕಾಲಗಣನೆಯೇ ರೈಲಿನ ಆಧಾರದಿಂದ ನಡೆಯುತ್ತಿತ್ತು: ಮಗು ಹುಟ್ಟಿದುದು ಯಜಮಾನರು ಮಂದಗೆರೆಗೆ ವರ್ಗವಾದ ವರ್ಷ, ಮಗಳ ಮದುವೆಯಾದುದು ಪ್ರಾವಿಡೆಂಟ್ ಫಂಡಿನ ಸಾಲ ಮಂಜೂರಾದ ವರ್ಷ, ಮುದುಕಿ ಕಾಶಿಯಾತ್ರೆ ಮಾಡಿದುದು ಉಚಿತ ಪಾಸು ಕೈಗೆ ಬಂದ ವರ್ಷ. ನಾನೂ ಅಂಥ ಒಂದು ಮನೆಯಲ್ಲಿ ಹುಟ್ಟಿದವನು. ಆದುದರಿಂದ ಋಣವುಳ್ಳವನೊಬ್ಬನ ಮಾತೆಂದೇ ಇದನ್ನು ವಾಚಕರು ಎಣಿಸಬೇಕು.

ಈಚಿನ ವರ್ಷಗಳಲ್ಲಿ ರೈಲ್ವೆಯ ಹಣಕಾಸಿನ ದುಃಸ್ಥಿತಿಯ ಪ್ರಸ್ತಾಪ ಬಂದಾಗಲೆಲ್ಲ, ಸಂಬಳವೂ ಪಿಂಚಣಿಯೂ ಸೇರಿ ಇಲಾಖೆಯನ್ನು ನುಂಗಿಹಾಕುತ್ತಿವೆಯೆಂಬ ಮಾತು ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಬಹು ಸುಲಭವಾಗಿ ಹೊರಡುತ್ತಿದೆ, ಕೇಳಿದವರು ತಲೆಯಾಡಿಸುತ್ತಾರೆ, ಹಳಿಯ ಬದಿಯ ಮನೆಗಳಲ್ಲಿ ಇರುವ ವೃದ್ಧರು ತಾವೇನೋ ಅಪರಾಧ ಮಾಡಿದವರಂತೆ ಸುಮ್ಮನಾಗುತ್ತಾರೆ. ಆ ಮೌನವು ನ್ಯಾಯವಾದುದಲ್ಲವೆಂದು ನನ್ನ ನಂಬಿಕೆ. ಅದಕ್ಕೆ ಕಾರಣವನ್ನು ಹೇಳಬೇಕಾದರೆ, ಈ ಸೀಮೆಗೆ ಹಳಿ ಬಂದ ಬಗೆಯಿಂದಲೇ ಮೊದಲ್ಗೊಳ್ಳಬೇಕು.

ಮೈಸೂರು ಸಂಸ್ಥಾನದ ರೈಲ್ವೆಯು ಹುಟ್ಟಿದುದು ಕ್ಷಾಮದಲ್ಲಿ, ಬೆಳೆದುದು ಸಾಲದಲ್ಲಿ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಒಯ್ದಿತೆಂದು ಅಂದಾಜು. ಧಾನ್ಯವನ್ನು ಇದ್ದೆಡೆಯಿಂದ ಇಲ್ಲದೆಡೆಗೆ ಸಾಗಿಸುವ ಸಾಧನವಿಲ್ಲದೆ ಹೋದದ್ದು ಆ ಘೋರದ ಒಂದು ಮುಖ್ಯ ಕಾರಣವಾಯಿತು. ಹಸಿದ ಜನರಿಗೆ ಕೂಲಿ ಕೊಟ್ಟು ಮಣ್ಣು ಹೊರಿಸಿದ ಕಾಮಗಾರಿಗಳಲ್ಲಿ ಬೆಂಗಳೂರು-ಮೈಸೂರು ಮಾರ್ಗವೂ ಒಂದು. ಅದು 1882ರಲ್ಲಿ ಪೂರ್ತಿಯಾಗಿ ತೆರೆಯಿತು. ಅದಕ್ಕೆ ಮೊದಲೇ, ರಾಜ್ಯಭಾರವು 1881ರಲ್ಲಿ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿದಾಗ, ಬೊಕ್ಕಸವು ಕ್ಷಾಮದ ಸಾಲದಿಂದ ಬಾಗಿಹೋಗಿತ್ತು. ಆದರೂ ದಿವಾನ್ ರಂಗಾಚಾರ್ಲು ಅವರು ರೈಲ್ವೆಯ ವಿಸ್ತರಣವನ್ನು ಬಿಡಲಿಲ್ಲ. ಅವರ ಅನಂತರ ಬಂದ ಶೇಷಾದ್ರಿ ಅಯ್ಯರ್ ಅವರು ತುಮಕೂರು, ಗುಬ್ಬಿ, ಅರಸೀಕೆರೆಗಳ ಮೇಲೆ ಹರಿಹರದವರೆಗೆ ಮಾರ್ಗವನ್ನು ಒಯ್ಯುವುದಕ್ಕಾಗಿ, ಸಂಸ್ಥಾನವು ಕಷ್ಟಪಟ್ಟು ಕಟ್ಟಿದ ರೈಲ್ವೆಯನ್ನೇ 1886ರಲ್ಲಿ ಸದರ್ನ್ ಮರಾಠಾ ಕಂಪೆನಿಗೆ ಒಪ್ಪಿಸಿ, ಅದರ ಆಧಾರದ ಮೇಲೆ ಇಂಗ್ಲೆಂಡಿನಲ್ಲಿ ಸಾಲವನ್ನೆತ್ತಬೇಕಾಯಿತು. 1889ರಲ್ಲಿ ಹರಿಹರದ ಹಾದಿ ಸಿದ್ಧವಾಯಿತು. ಹಾದಿ ನಮ್ಮದು, ನಡೆಸುವ ಹಕ್ಕು ಮಾತ್ರ ಪರರದು ಎಂಬ ಆ ಸ್ಥಿತಿಯನ್ನು ಕಳೆದುಕೊಳ್ಳುವುದಕ್ಕೆ ಮೈಸೂರಿಗೆ ದಶಕಗಳೇ ಹಿಡಿದವು. 1919ರಲ್ಲಿ ಬೆಂಗಳೂರು-ಮೈಸೂರು ಮೊದಲಾದ ಭಾಗಗಳೂ 1938ರಲ್ಲಿ ಬೆಂಗಳೂರು-ಹರಿಹರದ ಭಾಗವೂ ಸಂಸ್ಥಾನದ ಕೈಗೆ ಹಿಂದಿರುಗಿದವು.

ಹಾಸನಕ್ಕೆ ರೈಲು ಬಂದ ಕಥೆ ಬೇರೆ. ಮೈಸೂರಿನಿಂದ ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ಹೋಗುವ ನೂರಕ್ಕೂ ಮಿಕ್ಕ ಮೈಲಿಗಳ ಮೀಟರ್ ಗೇಜ್ ಮಾರ್ಗವನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ವರ್ಷಗಳಲ್ಲಿ, ಸಂಸ್ಥಾನವೇ ತನ್ನ ಹಣದಿಂದ ಕಟ್ಟಿಸಿತು. ಕಂಪೆನಿಯ ದಯೆಯನ್ನು ಕಾಯದೆ ಆದ ಕೆಲಸವಿದು. ಹಳಿಗೆ ಭೂಮಿ ಬಿಟ್ಟುಕೊಟ್ಟ ಊರುಗಳಿಂದಲೇ ಮಣ್ಣು ಹೊರಲು ಆಳುಗಳು ಬಂದರು. ಮಣ್ಣು ಹೊತ್ತವರಲ್ಲಿ ಕೆಲವರು ಹಳಿ ಕಾಯುವವರಾಗಿ ನಿಂತರು. ಊರಿಗೂ ರೈಲಿಗೂ ಇರುವ ನಂಟಿನ ಮೂಲ ಇಲ್ಲಿದೆ. ನನ್ನ ತಾತನು ನೇಗಿಲನ್ನು ಬಿಟ್ಟು ಗ್ಯಾಂಗಿಗೆ ಸೇರಿದಾಗ ಮನೆಯವರು ಅತ್ತರಂತೆ. ಮಳೆಯನ್ನು ನಂಬದೆ ತಿಂಗಳ ಕೊನೆಗೆ ಬರುವ ಸಂಬಳವನ್ನು ಕಂಡಮೇಲೆ ಆ ಅಳು ನಿಂತಿತಂತೆ.

ಗ್ಯಾಂಗ್‌ಮ್ಯಾನ್ ಎಂದರೆ ಏನೆಂಬುದನ್ನು ರೈಲಿನೊಳಗೆ ಕುಳಿತು ಹೋಗುವವನು ಅರಿಯುವುದು ಕಷ್ಟ. ಕೆಲವೇ ಮೈಲಿಗಳ ಒಂದು ತುಂಡು ಹಾದಿ ಒಂದು ಗ್ಯಾಂಗಿನ ಪಾಲು. ಜಲ್ಲಿಯನ್ನು ಸ್ಲೀಪರುಗಳ ಅಡಿಗೆ ಬಡಿದು ಕೂಡಿಸುವುದು, ಕುಗ್ಗಿದ ಕಡೆ ಹಳಿಯನ್ನೆತ್ತುವುದು, ಬಿಸಿಲಿಗೆ ಹಿಗ್ಗಿ ಸೊಟ್ಟಗಾದ ಹಳಿಯನ್ನು ನೆಟ್ಟಗೆ ಮಾಡುವುದು, ಚರಂಡಿ ತೆಗೆಯುವುದು. ಇದು ದಿನದ ದುಡಿಮೆ. ಅವರಲ್ಲಿ ಅನುಭವಿಯೊಬ್ಬನು ಕೀಮ್ಯಾನ್ ಆಗಿ, ಸುತ್ತಿಗೆ ಹಿಡಿದು, ತನ್ನ ಪಾಲಿನ ಹಾದಿಯುದ್ದಕ್ಕೂ ಪ್ರತಿದಿನ ನಡೆದು, ಸಡಿಲವಾದ ಕೀಲುಗಳನ್ನು ಬಿಗಿ ಮಾಡುತ್ತ, ಹಳಿಯಲ್ಲಿ ಬಿರುಕಿದೆಯೇ ಎಂದು ನೋಡುತ್ತ ಹೋಗಬೇಕು. ಮಳೆಗಾಲದ ರಾತ್ರಿಗಳಲ್ಲಿ ಲಾಂದ್ರವನ್ನೂ, ಹಳಿಯ ಮೇಲಿಟ್ಟರೆ ಚಕ್ರದಡಿ ಸಿಡಿದು ಡ್ರೈವರನ್ನು ಎಚ್ಚರಿಸುವ ಡಿಟೊನೇಟರುಗಳನ್ನೂ ಹೊತ್ತು ಗಸ್ತು ತಿರುಗುವವರೂ ಇವರೇ. ಹೇಮಾವತಿ ತುಂಬಿ ಹರಿಯುವ ಆಷಾಢ ಶ್ರಾವಣಗಳಲ್ಲಿ ಸೇತುವೆಯ ಬಳಿ ಇಡೀ ರಾತ್ರಿ ನೀರಿನ ಮಟ್ಟ ನೋಡುತ್ತ ನಿಂತವರ ಹೆಸರು ಯಾವ ಶಿಲೆಯಲ್ಲಿಯೂ ಇಲ್ಲ. ಇವರಿಗೆ ಈಗ ಇಲಾಖೆಯು ಟ್ರ್ಯಾಕ್ ಮೇಂಟೇನರ್ ಎಂಬ ಪದನಾಮವನ್ನು ಕೊಟ್ಟಿದೆ. ಕೆಲಸದ ಭಾರ, ಓಡುವ ಗಾಡಿಗಳ ಸಂಖ್ಯೆ ಮತ್ತು ವೇಗ ಹೆಚ್ಚಿದಷ್ಟೂ ಹೆಚ್ಚಿದೆ.

ಸ್ವಾತಂತ್ರ್ಯಾನಂತರ ಸಂಸ್ಥಾನದ ರೈಲ್ವೆಯು ಭಾರತ ಸರ್ಕಾರಕ್ಕೆ ಸೇರಿ, 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯ ಒಂದು ಅಂಗವಾಯಿತು. 2003ರಲ್ಲಿ ಹುಬ್ಬಳ್ಳಿಯು ಕೇಂದ್ರವಾದ ನೈಋತ್ಯ ರೈಲ್ವೆ ಏರ್ಪಟ್ಟಾಗ ಹಾಸನವು ಅದರ ಮೈಸೂರು ವಿಭಾಗಕ್ಕೆ ಬಂದಿತು. ಇದಕ್ಕೆ ಬಹಳ ಮುಂಚೆ, 1957ರಲ್ಲಿ, ರೈಲ್ವೆ ನೌಕರರಿಗೆ ಪ್ರಾವಿಡೆಂಟ್ ಫಂಡಿನ ಬದಲಿಗೆ ಪಿಂಚಣಿಯ ಪದ್ಧತಿ ಜಾರಿಗೆ ಬಂದಿತು. ಸಾಯುವವರೆಗೂ ತಿಂಗಳುತಿಂಗಳೂ ಹಣ ಬರುತ್ತದೆಂಬುದನ್ನು ಆ ಕಾಲದ ಗ್ಯಾಂಗಿನವರಲ್ಲಿ ಅನೇಕರು ನಂಬಲೇ ಇಲ್ಲವಂತೆ. 1974ರ ಮೇ ತಿಂಗಳ ಮಹಾಮುಷ್ಕರವನ್ನೂ ಇಲ್ಲಿ ನೆನೆಯಬೇಕು. ಮಂಗಳೂರಿನ ಜಾರ್ಜ್ ಫರ್ನಾಂಡಿಸರ ನೇತೃತ್ವದಲ್ಲಿ ಮೇ 8ರಿಂದ 27ರವರೆಗೆ ನಡೆದ ಆ ಹೋರಾಟದಲ್ಲಿ ದೇಶಾದ್ಯಂತ ಸುಮಾರು 17 ಲಕ್ಷ ನೌಕರರು ಭಾಗವಹಿಸಿದರು; ಸಾವಿರಾರು ಮಂದಿ ಸೆರೆಯಾದರು; ಕ್ವಾರ್ಟರ್ಸಿನಿಂದ ಸಂಸಾರಗಳನ್ನು ಹೊರಹಾಕಿದ ಸಂಗತಿಗಳು ಎಲ್ಲ ಪ್ರಾಂತಗಳಿಂದಲೂ ವರದಿಯಾದವು. ಆ ಇಪ್ಪತ್ತು ದಿನಗಳಲ್ಲಿ ಯಾರು ಕೆಲಸಕ್ಕೆ ಹೋದರು, ಯಾರು ಹೋಗಲಿಲ್ಲ ಎಂಬ ಒಂದೇ ಕಾರಣದಿಂದ ಬೀಗರ ನಡುವೆ ಮಾತು ನಿಂತುಹೋದ ಮನೆಗಳನ್ನು ನಾನು ಬಲ್ಲೆ.

ರೈಲ್ವೆ ಮನೆತನಗಳ ವಿಷಯದಲ್ಲಿ ನನ್ನ ಪಕ್ಷಪಾತವಿದ್ದರೂ, ಒಂದು ಸಂಗತಿಯಲ್ಲಿ ನಾನು ಅವುಗಳ ಪರವಾಗಿ ವಾದಿಸಲಾರೆ. ನೌಕರಿಯನ್ನು ಪಿತ್ರಾರ್ಜಿತವೆಂದು ಭಾವಿಸುವ ರೂಢಿಯೇ ಅದು. ದುಡಿಯುತ್ತಿರುವಾಗಲೇ ಸತ್ತವನ ಹೆಂಡತಿಗೋ ಮಗನಿಗೋ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವುದು ಧರ್ಮ. ಹಳಿಯ ಮೇಲೆ ಪ್ರಾಣ ಬಿಟ್ಟವನ ಸಂಸಾರವನ್ನು ಬೀದಿಪಾಲು ಮಾಡುವ ಇಲಾಖೆಯು ಇಲಾಖೆಯಲ್ಲ. ಆದರೆ 2004ರಲ್ಲಿ ಗ್ಯಾಂಗ್‌ಮ್ಯಾನ್‌ಗಳಿಗೂ ಡ್ರೈವರುಗಳಿಗೂ ಆರಂಭವಾಗಿ, 2010ರಲ್ಲಿ ವಿಸ್ತಾರಗೊಂಡು, ನೌಕರರ ಬಾಯಲ್ಲಿ ಲಾರ್ಸ್‌ಗೆಸ್ ಎಂದು ಪ್ರಸಿದ್ಧವಾದ ಯೋಜನೆಯಲ್ಲಿ, ನಿಗದಿಯಾದ ವಯಸ್ಸು ಮತ್ತು ಸೇವೆಯುಳ್ಳ ತಂದೆಯು ತಾನಾಗಿ ನಿವೃತ್ತನಾದರೆ ಅವನ ಮಗನಿಗೆ ಕೆಲಸ ದೊರೆಯುತ್ತಿತ್ತು. ಮುಪ್ಪಿನವನು ಸುತ್ತಿಗೆ ಎತ್ತಲಾರದೆ ಇರುವಾಗ ತರುಣನು ಬರಲಿ ಎಂಬುದು ಅದರ ಉದ್ದೇಶವಾಗಿದ್ದೀತು. ಹಾಗಿದ್ದರೂ ಹಳಿಯಾಚೆಯ ಹೊಲದಲ್ಲಿ ದುಡಿಯುವವನ ಮಗನು, ಅಷ್ಟೇ ಓದಿ ಅಷ್ಟೇ ದೇಹಬಲವುಳ್ಳವನಾಗಿದ್ದರೂ, ಆ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಸಮಾನಾವಕಾಶವನ್ನು ವಿಧಿಸುವ ಸಂವಿಧಾನದ ಅನುಚ್ಛೇದಗಳಿಗೆ ಇದು ಹೊಂದುವುದಿಲ್ಲವೆಂದು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು 2016ರಲ್ಲಿ ಆಕ್ಷೇಪಿಸಿತು. 2018ರಲ್ಲಿ ರೈಲ್ವೆ ಮಂಡಳಿಯು ಯೋಜನೆಯನ್ನು ಕೊನೆಗೊಳಿಸಿತು. ನಮ್ಮ ಮನೆತನಗಳಲ್ಲಿ ಅನೇಕರಿಗೆ ಇದರಿಂದ ನೋವಾಯಿತು. ತೀರ್ಪು ಸರಿಯಾದುದೆಂದೇ ನಾನು ಹೇಳುತ್ತೇನೆ. ಅರಕಲಗೂಡು ತಾಲ್ಲೂಕಿನಲ್ಲಿ ರೈಲು ನಿಲ್ದಾಣವೇ ಇಲ್ಲ. ಅಲ್ಲಿನ ಕೊಣನೂರಿನ ಅಥವಾ ರಾಮನಾಥಪುರದ ಹೊಗೆಸೊಪ್ಪಿನ ಹೊಲದಲ್ಲಿ ಬೆಳೆದ ಹುಡುಗನಿಗೆ ರೈಲ್ವೆಯಲ್ಲಿ ದುಡಿದ ತಾತನಿಲ್ಲವೆಂಬ ಕಾರಣಕ್ಕೆ ಈ ಬಾಗಿಲು ಮುಚ್ಚಿರಬಾರದು.

ಇನ್ನು ಲೆಕ್ಕದ ವಿಚಾರ. ರೈಲ್ವೆಯ ಆರೋಗ್ಯವನ್ನು ಅಳೆಯುವ ಮುಖ್ಯವಾದ ಮಾನವು ಕಾರ್ಯಾಚರಣೆಯ ಅನುಪಾತವೆಂಬುದು: ನೂರು ರೂಪಾಯಿ ಗಳಿಸುವುದಕ್ಕೆ ಎಷ್ಟು ರೂಪಾಯಿ ವೆಚ್ಚವಾಯಿತೆಂಬುದೇ ಅದರ ಅರ್ಥ. 2017-18ರಲ್ಲಿ ಅದು 98.44 ಆಗಿತ್ತು, ಅಂದರೆ ಹೊಸ ಹಳಿ, ಹೊಸ ಬೋಗಿ, ಹೊಸ ಸೇತುವೆಗಳಿಗೆಂದು ಉಳಿದುದು ನೂರರಲ್ಲಿ ಒಂದೂವರೆ ರೂಪಾಯಿ. ಅಷ್ಟೂ ನಿಜವಾದ ಉಳಿತಾಯವಲ್ಲವೆಂದು ಭಾರತದ ಮಹಾಲೇಖಪಾಲರು ತೋರಿಸಿಕೊಟ್ಟರು. ಮುಂದೆ ಸಾಗಿಸಬೇಕಾದ ಸರಕಿನ ಬಾಡಿಗೆಯನ್ನು ವಿದ್ಯುತ್ ಸಂಸ್ಥೆಯಾದ ಎನ್‌ಟಿಪಿಸಿಯಿಂದಲೂ, ಬೇರೆ ಹಣವನ್ನು ರೈಲ್ವೆಯ ನಿರ್ಮಾಣ ಸಂಸ್ಥೆಯಾದ ಇರ್ಕಾನಿನಿಂದಲೂ ಮುಂಗಡವಾಗಿ ಪಡೆದು ಆ ವರ್ಷದ ಆದಾಯಕ್ಕೆ ಸೇರಿಸಿಕೊಳ್ಳದೆ ಇದ್ದಿದ್ದರೆ ಅನುಪಾತವು 102.66 ಆಗುತ್ತಿತ್ತು. 2019-20ರ ಲೆಕ್ಕದಲ್ಲಿ 98.36 ಎಂದು ತೋರಿಸಿದ್ದರೆ, ಪಿಂಚಣಿಗೆ ತೆಗೆದಿರಿಸಬೇಕಾದುದನ್ನು ಪೂರ್ತಿ ತೆಗೆದಿರಿಸಿದ್ದ ಪಕ್ಷದಲ್ಲಿ ಅದು 114.35ಕ್ಕೆ ಏರುತ್ತಿತ್ತೆಂದು ಅದೇ ಲೇಖಪಾಲರು ಹೇಳಿದರು. ಮಾರನೆಯ ವರ್ಷ ಕೋವಿಡ್ ಬಂದು ಗಾಡಿಗಳು ನಿಂತವು. ಕೇಂದ್ರ ಸರ್ಕಾರವು 79,398 ಕೋಟಿ ರೂಪಾಯಿಯ ವಿಶೇಷ ಸಾಲವನ್ನು ಕೊಡಬೇಕಾಯಿತು. 2021-22ರಲ್ಲಿ ಅನುಪಾತವು 107.39, ಆಮೇಲೆ ಮತ್ತೆ 98ರ ಆಸುಪಾಸು. ಸ್ವತಃ ಗಳಿಸಿ ಬೆಳೆಯುವ ಸಂಸ್ಥೆಯ ಲೆಕ್ಕವಿದಲ್ಲ. ಇಂದು ಹೊಸ ಮಾರ್ಗಗಳಾಗುತ್ತಿರುವುದು ಬೊಕ್ಕಸದ ಹಣದಿಂದ. 2024-25ರ ಆಯವ್ಯಯದಲ್ಲಿ ರೈಲ್ವೆಯ ಒಟ್ಟು ಬಂಡವಾಳ ವೆಚ್ಚಕ್ಕೆ ಒದಗಿಸಿದುದು 2.52 ಲಕ್ಷ ಕೋಟಿ ರೂಪಾಯಿ.

ಈ ದುಃಸ್ಥಿತಿಗೆ ಪಿಂಚಣಿಯು ಕಾರಣವೇ? ವರ್ಷಕ್ಕೆ ಐವತ್ತು ಸಾವಿರ ಕೋಟಿಗೂ ಮಿಕ್ಕ ಹಣ ಪಿಂಚಣಿಗೆ ಹೋಗುತ್ತದೆಂಬುದು ನಿಜ. ನಿವೃತ್ತರ ಸಂಖ್ಯೆ ಸುಮಾರು 15 ಲಕ್ಷವಾಗಿ, ದುಡಿಯುತ್ತಿರುವವರ ಸಂಖ್ಯೆ ಸುಮಾರು 12 ಲಕ್ಷಕ್ಕೆ ಇಳಿದಿರುವುದೂ ನಿಜ. ಆದರೆ ಇದರೊಡನೆ ಎರಡು ಸಂಗತಿಗಳನ್ನು ಹೇಳದೆ ಬಿಟ್ಟರೆ ಅದು ಅರ್ಧಸತ್ಯ. ಮೊದಲನೆಯದಾಗಿ, ಕೇಂದ್ರ ಸರ್ಕಾರದ ಬಹುತೇಕ ಇಲಾಖೆಗಳ ನಿವೃತ್ತರಿಗೆ ಪಿಂಚಣಿ ಸಲ್ಲುವುದು ಸಾಮಾನ್ಯ ಬೊಕ್ಕಸದಿಂದ. ರೈಲ್ವೆಯು ಮಾತ್ರ ತನ್ನ ನಿವೃತ್ತರ ಪಿಂಚಣಿಯನ್ನು ತನ್ನ ಗಳಿಕೆಯಿಂದಲೇ ತೆರಬೇಕು. 1924ರಲ್ಲಿ ಆಕ್‌ವರ್ತ್ ಸಮಿತಿಯ ಸಲಹೆಯಂತೆ ರೈಲ್ವೆಯ ಆಯವ್ಯಯವು ಬೇರೆಯಾದ ಕಾಲದ ಸ್ವಾವಲಂಬನೆಯ ನೀತಿಯ ಶೇಷವಿದು. 2017ರಲ್ಲಿ ಆ ಪ್ರತ್ಯೇಕ ಆಯವ್ಯಯವು ರದ್ದಾಗಿ ಸಾಮಾನ್ಯ ಆಯವ್ಯಯದೊಡನೆ ವಿಲೀನವಾದರೂ ಪಿಂಚಣಿಯ ಭಾರವು ಇದ್ದಲ್ಲಿಯೇ ಉಳಿಯಿತು. ಎರಡನೆಯದಾಗಿ, ಇಂದು ಪಿಂಚಣಿ ಪಡೆಯುತ್ತಿರುವವರು 16 ಲಕ್ಷಕ್ಕೂ ಮೀರಿದ ನೌಕರರಿದ್ದ ಕಾಲದಲ್ಲಿ, ಉಗಿಯ ಎಂಜಿನ್ನಿಗೆ ಕಲ್ಲಿದ್ದಲು ಸುರಿದು, ಕೈಯಿಂದ ಸಿಗ್ನಲ್ ಎಳೆದು, ಕಡಿಮೆ ಸಂಬಳಕ್ಕೆ ದೇಶವನ್ನು ಸಾಗಿಸಿದವರು. ಆ ದುಡಿಮೆಯ ಬೆಲೆಯಲ್ಲಿ ಅಂದು ಕೊಡದೆ ಉಳಿಸಿಕೊಂಡ ಒಂದು ಭಾಗವೇ ಪಿಂಚಣಿ. 2004ರ ಜನವರಿಯಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿಯೇ ಇಲ್ಲವೆಂಬುದನ್ನೂ ಜ್ಞಾಪಕದಲ್ಲಿಡಬೇಕು.

ನಷ್ಟದ ಮೂಲವು ಬೇರೆ ಕಡೆ ಇದೆ. ಸರ್ಕಾರವೇ ಹೇಳುವಂತೆ, ಪ್ರಯಾಣಿಕನೊಬ್ಬನನ್ನು ಸಾಗಿಸುವುದಕ್ಕೆ 100 ರೂಪಾಯಿ ತಗುಲಿದರೆ ಅವನಿಂದ ಬರುವುದು ಸರಾಸರಿ 54. 2022-23ರಲ್ಲಿ ಹೀಗೆ ಬಿಟ್ಟುಕೊಟ್ಟುದು 56,993 ಕೋಟಿ. ಹೊಳೆನರಸೀಪುರದಿಂದ ಮೈಸೂರಿನ ಆಸ್ಪತ್ರೆಗೆ ಹೋಗುವ ಮುದುಕಿಯೂ ಹಾಸನದ ಕಾಲೇಜಿಗೆ ಬರುವ ಹುಡುಗಿಯೂ ಪೂರ್ತಿ ವೆಚ್ಚವನ್ನು ತೆರಲಾರರು, ತೆರಬಾರದು ಎಂಬುದು ರಾಷ್ಟ್ರದ ತೀರ್ಮಾನ, ನಾನೂ ಅದನ್ನೊಪ್ಪುತ್ತೇನೆ. ಕೋವಿಡಿನ ಕಾಲದಲ್ಲಿ ಪ್ಯಾಸೆಂಜರ್ ಗಾಡಿಯ ಕನಿಷ್ಠ ದರವನ್ನು 10ರಿಂದ 30 ರೂಪಾಯಿಗೆ ಏರಿಸಿ, 2024ರ ಫೆಬ್ರವರಿಯವರೆಗೆ ಹಾಗೆಯೇ ಇರಿಸಿದಾಗ, ಹಳ್ಳಿಯ ಜನರು ಎಷ್ಟು ಬಾಧೆಪಟ್ಟರೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ತೀರ್ಮಾನವು ರಾಷ್ಟ್ರದ್ದಾದ ಮೇಲೆ ಅದರ ವೆಚ್ಚವೂ ರಾಷ್ಟ್ರದ ಬೊಕ್ಕಸದ ಹೆಸರಿನಲ್ಲಿಯೇ ಬರೆಯಲ್ಪಡಬೇಕು. ಈಗ ಅದನ್ನು ತುಂಬಿಕೊಡುತ್ತಿರುವುದು ಸರಕಿನ ಗಾಡಿಗಳು. ಅದಕ್ಕಾಗಿ ಸರಕಿನ ಬಾಡಿಗೆಯನ್ನು ಏರಿಸುತ್ತ ಹೋದಂತೆ ಸರಕು ಲಾರಿಗೆ ಜಾರಿಕೊಂಡಿತು. ಹಾಸನದ ಆಲೂಗಡ್ಡೆಯೂ ಚನ್ನರಾಯಪಟ್ಟಣದ ತೆಂಗಿನಕಾಯಿಯೂ ಸಕಲೇಶಪುರದ ಕಾಫಿಯೂ ಇಂದು ಹೋಗುತ್ತಿರುವುದು ಬಹುಮಟ್ಟಿಗೆ ಹೆದ್ದಾರಿಯ ಮೇಲೆ.

ಸರಕನ್ನು ನಂಬಿದ ಮಾರ್ಗದ ಗತಿಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗವು 1979ರಲ್ಲಿ ಪೂರ್ಣವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರು ಘಟ್ಟದಲ್ಲಿ 57 ಸುರಂಗಗಳೂ ಅನೇಕ ಸೇತುವೆಗಳೂ ಇವೆ. ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿದ ಘಟ್ಟದ ಹಾದಿಯಲ್ಲಿ ಮತ್ತೆ ಪ್ರಯಾಣಿಕರ ಗಾಡಿ ಓಡಿದುದು 2007ರ ಡಿಸೆಂಬರಿನಲ್ಲಿ. ಹಣವಿಲ್ಲದೆ ಕೆಲಸ ಕುಂಟಿದಾಗ, 2003ರಲ್ಲಿ ರಾಜ್ಯ ಸರ್ಕಾರವೂ ರೈಲ್ವೆಯೂ ಕೂಡಿ ಒಂದು ಕಂಪೆನಿಯನ್ನು ಸ್ಥಾಪಿಸಬೇಕಾಯಿತು. ಬಳ್ಳಾರಿ ಸೀಮೆಯ ಅದಿರು ನವಮಂಗಳೂರು ಬಂದರಿಗೆ ಇಳಿಯುವುದೇ ಅದರ ದೊಡ್ಡ ಆಶೆ. 2010ರಲ್ಲಿ ರಾಜ್ಯವು ಅದಿರಿನ ರಫ್ತನ್ನು ನಿಷೇಧಿಸಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅದಿರಿನ ಲೂಟಿ ನಿಂತುದು ನಾಡಿಗೆ ಒಳ್ಳೆಯದೇ ಆಯಿತು. ಒಂದೇ ಸರಕನ್ನು ನೆಚ್ಚಿ ಮಾಡಿದ ಲೆಕ್ಕ ಎಷ್ಟು ದುರ್ಬಲವಾದುದೆಂಬುದೂ ಆಗಲೇ ಗೊತ್ತಾಯಿತು.

ವಿಳಂಬದ ಬೆಲೆಯೂ ಲೆಕ್ಕದಲ್ಲಿ ಸೇರಬೇಕು. ಬೆಂಗಳೂರಿನಿಂದ ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಹಾಸನಕ್ಕೆ ಬರುವ ಮಾರ್ಗವು, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ದೇವೇಗೌಡರು ಪ್ರಧಾನಿಯಾಗಿದ್ದ 1996-97ರಲ್ಲಿ ಮಂಜೂರಾಯಿತು. ಪೂರ್ತಿ ಮಾರ್ಗದಲ್ಲಿ ಗಾಡಿ ಓಡಿದುದು 2017ರ ಮಾರ್ಚಿನಲ್ಲಿ. ಇಪ್ಪತ್ತು ವರ್ಷಗಳಲ್ಲಿ ಸಿಮೆಂಟಿಗೂ ಉಕ್ಕಿಗೂ ಭೂಮಿಗೂ ಏರಿದ ಬೆಲೆಯನ್ನು ಯಾವ ಗ್ಯಾಂಗ್‌ಮ್ಯಾನನ ಪಿಂಚಣಿಯ ತಲೆಗೂ ಕಟ್ಟಲಾಗದು. ಹಾಗಿದ್ದೂ ಈ ಮಾರ್ಗದಿಂದ ಚನ್ನರಾಯಪಟ್ಟಣಕ್ಕೆ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಹಣದ ಬಿಕ್ಕಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕೆಲಸಗಳಿಗೆ. ಹಳೆಯ ಆಸ್ತಿಯ ಬದಲಾವಣೆಗಾಗಿ ತೆಗೆದಿರಿಸಬೇಕಾದ ಸವಕಳಿ ನಿಧಿಯು ವರ್ಷವರ್ಷವೂ ಸೊರಗುತ್ತ ಬಂದಿತು. ಆ ಕೊರತೆಯನ್ನು ನೀಗಲೆಂದು 2017-18ರಲ್ಲಿ ಒಂದು ಲಕ್ಷ ಕೋಟಿಯ ರಾಷ್ಟ್ರೀಯ ರೈಲು ಸಂರಕ್ಷಾ ಕೋಶವನ್ನು ಸ್ಥಾಪಿಸಿದರು. ಹಳಿ ತಪ್ಪುವ ಅಪಘಾತಗಳನ್ನು ಕುರಿತ ತಮ್ಮ ವರದಿಯಲ್ಲಿ ಮಹಾಲೇಖಪಾಲರು, ಆ ಕೋಶದ ಹಣವು ಕಾಲು ಒತ್ತುವ ಯಂತ್ರ, ಪಿಂಗಾಣಿ ಪಾತ್ರೆ ಮೊದಲಾದುವಕ್ಕೆ ವೆಚ್ಚವಾದುದನ್ನು ಬರೆದಿದ್ದಾರೆ. ಇದನ್ನು ಓದಿದಾಗ ನನಗೆ ಬಹಳ ಕೋಪ ಬಂದಿತು. ಇಂದಿಗೂ ಆ ಕೋಪ ಇಳಿದಿಲ್ಲ. ಅತ್ತ ದೇಶದ ರೈಲ್ವೆಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ಹುದ್ದೆಗಳೇ ಲಕ್ಷಕ್ಕೂ ಮೀರಿ ಖಾಲಿ ಬಿದ್ದಿದ್ದವು. 2018ರ ಆಗಸ್ಟಿನಲ್ಲಿಯೂ 2024ರ ಜುಲೈನಲ್ಲಿಯೂ ಸಕಲೇಶಪುರದ ಘಟ್ಟ ಕುಸಿದು, ಯಡಕುಮೇರಿಯ ಸುತ್ತಮುತ್ತ ಹಾದಿ ಮುಚ್ಚಿದಾಗ, ಸುರಿಯುವ ಮಳೆಯಲ್ಲಿ ನಿಂತು ಅದನ್ನು ಮತ್ತೆ ತೆರೆದವರು ಅದೇ ಗ್ಯಾಂಗಿನವರೂ ಕೂಲಿಯವರೂ ಎಂಜಿನಿಯರುಗಳೂ. ಅಂಥವರ ಸಂಖ್ಯೆಯನ್ನು ಕುಗ್ಗಿಸುವುದರಿಂದ ಬರುವ ಉಳಿತಾಯವು ಒಂದು ದುರ್ಘಟನೆಯಲ್ಲಿ ಮಾಯವಾಗುತ್ತದೆ, ಜೀವಗಳೊಡನೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ನಾಲ್ಕೂ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ. ನಮ್ಮ ಪ್ರತಿನಿಧಿಗಳು ಹೊಸ ಗಾಡಿ, ಹೊಸ ನಿಲುಗಡೆಗಳ ಮನವಿಗಳನ್ನು ದೆಹಲಿಗೆ ಒಯ್ಯುವುದುಂಟು, ಒಯ್ಯಲಿ. ಅದಕ್ಕೂ ಮುನ್ನ ಮೂರು ಸಂಗತಿಗಳನ್ನು ಅವರು ಕೇಳಬೇಕೆಂದು ಈ ನಾಲ್ಕು ತಾಲ್ಲೂಕುಗಳ ಮತದಾರರು ಒತ್ತಾಯಿಸುವುದು ಅಗತ್ಯ: ಮೈಸೂರು ವಿಭಾಗದ ಹಳಿ ನಿರ್ವಹಣೆಯ ಖಾಲಿ ಹುದ್ದೆಗಳನ್ನು ಎಲ್ಲರಿಗೂ ತೆರೆದ ಪರೀಕ್ಷೆಯ ಮೂಲಕ ಕೂಡಲೆ ತುಂಬಬೇಕು, ಅಗ್ಗದ ದರದ ನಷ್ಟವನ್ನು ಬೊಕ್ಕಸವು ಬಹಿರಂಗವಾಗಿ ತುಂಬಿಕೊಡಬೇಕು, ಪಿಂಚಣಿಯ ಭಾರವನ್ನು ಇತರ ಇಲಾಖೆಗಳಂತೆಯೇ ಕೇಂದ್ರವು ಹೊರಬೇಕು. ರೈಲ್ವೆಯಲ್ಲಿ ದುಡಿದ ಹಿರಿಯರುಳ್ಳ ಮನೆಗಳವರು ಈ ಮನವಿಗೆ ಮೊದಲು ಸಹಿ ಹಾಕಲಿ.